ಕತ್ತು ಸಡಿಲವಾದ ತೋಟಾ

ಸಟನ್, ೧೪ ನವೆಂಬರ್, ಶುಕ್ರವಾರ

ನಾಳೆ ಪೊಲೀಸರು ಬಂದು ಇವರ ಕೋವಿ ಒಯ್ಯುತ್ತಾರೆ. ಮರೆವಿನ ಕಾಯಿಲೆ ಅಂತ ಜಿಪಿ ಡಾಕ್ಟರು ಬರೆದು ಕೊಟ್ಟಾಗಿದೆ. ಈ ಪರದೇಶದಲ್ಲೂ ಇವರದು ಒಂದೇ ಹಠ, "ಕೊಡವನ ಕೋವಿ ಕೇಳಲಿಕ್ಕೆ ಅವರ‍್ಯಾರು?"

ಸಂಜೆ ಗ್ಯಾರೇಜಿನಲ್ಲಿ ಇವರೇ ಮತ್ತೆ ಮದ್ದುಗುಂಡು ತುಂಬಿಸಿಟ್ಟ ಹಳೇ ತೋಟಾ ತೆಗೆದು ನೋಡುತ್ತಿದ್ದೆ. ಒಂದರ ಗುಂಡು ಬೆರಳಿಗೆ ಸಲೀಸಾಗಿ ತಿರುಗಿತು. ಇನ್ನೊಂದೂ ಹಾಗೇ. ಹಾರಿಸಿದ ತೋಟಾದ ಹಿತ್ತಾಳೆ ಕತ್ತು ಅಗಲವಾಗಿರುತ್ತದೆ, ಅದನ್ನು ಹಿಂಡಿ ಬಿಗಿ ಮಾಡಿಯೇ ಹೊಸ ಗುಂಡು ಕೂರಿಸಬೇಕು. ನಲವತ್ತು ವರ್ಷ ನನ್ನ ತಲೆ ತಿಂದ ಪಾಠ ಅದು. ಹಿಂಡುವುದನ್ನೇ ಮರೆತಿದ್ದಾರೆ. ಪೆಟ್ಟಿಗೆ ಮೇಲೆ ಇವರದೇ ಅಕ್ಷರ, ಮಾರ್ಚ್ ಅಂತ.

ಆ ಮಾರ್ಚಿನಲ್ಲೇ ಕ್ಲಬ್ಬಿನಲ್ಲಿ ಗುರಿಯೆಲ್ಲ ತಪ್ಪಿ ಬಂದಿದ್ದರು. "ಎದುರಿಗೆ ಎಮ್ಮೆ ನಿಲ್ಲಿಸಿದರೂ ನಿಮಗೆ ತಾಗಲಿಕ್ಕಿಲ್ಲ" ಅಂತ ನಕ್ಕಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಒಂದು ತೋಟಾ ಒಯ್ದು ಕೈಗಿಟ್ಟೆ. ಹೆಬ್ಬೆರಳಲ್ಲಿ ಅಲುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಯಾರು ತುಂಬಿಸಿದ್ದು ದೇಚಮ್ಮ, ಇದನ್ನು?"

"ಯಾರೋ ಒಬ್ಬ ಮುದುಕ."

"ಪಾಪ. ಇನ್ನು ಅವನ ಕೈಗೆ ಕೋವಿ ಕೊಡಬಾರದು. ಅವನ ಹೆಂಡತಿಗೆ ಯಾರಾದರೂ ಹೇಳಬೇಕು."

ಅವಳಿಗೆ ಇವತ್ತು ಗೊತ್ತಾಯಿತು ರೀ, ಅಂದೆ.