ಎಚ್‌ಎಫ್ ಬೇಡ

ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಪ್ಪನಿಗೆ,

ಟಿಗ್ ವೆಲ್ಡಿಂಗ್ ಮೆಷಿನ್ ಕೊಂಡೆವಪ್ಪ, ನನಗೇ ಅಂತ, ನಾನೇ ಆರಿಸಿದ್ದು! ಮೂರು ವಾರ ಕಾಗದ ಬರೆಯಲಿಲ್ಲವೆಂದು ಬಯ್ಯಬೇಡಿ. ಹೊಸ ಮನೆ, ಹೊಸ ಗಂಡ, ಹೊಸ ಮೆಷಿನ್, ಮೂರನ್ನೂ ಒಟ್ಟಿಗೆ ಕಲಿಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಅದು ಇಂಗ್ಲಿಷ್ ಶಾಲೆಗೆ ಸೇರಿಸಿದವರ ತಪ್ಪು.

ಇವರು ಎಷ್ಟು ಒಳ್ಳೆಯವರು ಗೊತ್ತಾ? ಹೂಕುಂಡಗಳಿಗೆ ಸ್ಟೀಲ್ ಪೈಪಿನ ಸ್ಟ್ಯಾಂಡ್ ನಾನೇ ಬೆಸೆಯುತ್ತೇನೆ ಅಂದದ್ದಕ್ಕೆ ನಗಲೇ ಇಲ್ಲ, ನೇರ ಅಂಗಡಿಗೆ ಕರೆದುಕೊಂಡು ಹೋದರು. "ಹೆಂಡ್ತಿಗೆ ಒಡವೆ ಕೊಡಿಸೋರನ್ನ ನೋಡಿದೀನಿ, ವೆಲ್ಡಿಂಗ್ ಮೆಷಿನ್ ಕೊಡಿಸೋರನ್ನ ಇವತ್ತೇ ನೋಡ್ತಿರೋದು" ಅಂದ ಅಂಗಡಿಯವನು.

ಆದರೆ ಈಗಿರುವುದು ಎರಡನೆಯ ಮೆಷಿನ್. ಮೊದಲನೆಯದರ ಕಥೆ ಮೊದಲು ಹೇಳಿಬಿಡುತ್ತೇನೆ.

ಅಲ್ಯುಮಿನಿಯಂ ಬೆಸೆಯುವುದಿಲ್ಲ, ಬರೀ ಸ್ಟೀಲು ಅಂದದ್ದಕ್ಕೆ ಅಂಗಡಿಯವನು ಡಿಸಿ ಕರೆಂಟಿನದೇ ಸಾಕೆಂದು ಎರಡು ಮೆಷಿನ್ ತೋರಿಸಿದ. ಒಂದು ಲಿಫ್ಟ್: ಟಂಗ್‌ಸ್ಟನ್ ಮೊನೆಯನ್ನು ಲೋಹಕ್ಕೆ ತಾಗಿಸಿ ಎತ್ತಿದರೆ ಆರ್ಕ್ ಹತ್ತುತ್ತದೆ. ಇನ್ನೊಂದು ಎಚ್‌ಎಫ್, ಅಂದರೆ ಹೈ ಫ್ರೀಕ್ವೆನ್ಸಿ: ವೆಲ್ಡಿಂಗ್ ಟಾರ್ಚಿನ ಗುಂಡಿ ಒತ್ತಿದರೆ ಸಾಕು, ಮುಟ್ಟದೆಯೇ ಕಿಡಿ ಹಾರುತ್ತದೆ. ಮೂವತ್ತು ವರ್ಷ ಬೆಸುಗೆ ಹಾಕಿದ ನಿಮಗೆ ನಾನು ಪಾಠ ಹೇಳುತ್ತಿದ್ದೇನೆ, ನಕ್ಕುಬಿಡಿ.

ಹೊರಡುವಾಗ ಕೇಳಿದ್ದಕ್ಕೆ ನೀವು ಫೋನಿನಲ್ಲಿ "ಎಚ್‌ಎಫ್ ಬೇಡ" ಅಂತ ಎರಡೇ ಮಾತು ಹೇಳಿ ಇಟ್ಟಿದ್ದಿರಿ. ಅಂಗಡಿಯಲ್ಲಿ ಇವರೂ ಅದನ್ನೇ ಅಂದರು.

"ಯಾಕೆ?"

"ಸುಮ್ನೆ. ಬೇಡ ಅಂದ್ರೆ ಬೇಡ."

ಲೆಕ್ಕದ ಮೇಷ್ಟ್ರಾದ ಇವರಿಗೆ ಆರ್ಕಿನ ಬಗ್ಗೆ ಏನು ಗೊತ್ತು ಅಂತ ನನಗೆ ಹಟ ಹತ್ತಿತು. ಹೊಸಬಳ ಕೈ, ಮೊನೆ ಲೋಹಕ್ಕೆ ಅಂಟಿದಾಗಲೆಲ್ಲ ಮತ್ತೆ ಮಸೆದು ಚೂಪು ಮಾಡುತ್ತ ಕೂರಬೇಕು ಅಂತ ವಾದಿಸಿದೆ. ನಮ್ಮ ಮೊದಲ ಜಗಳ, ಅದೂ ಅಂಗಡಿಯವನ ಎದುರು. ಇವರ ಮುಖ ಸಪ್ಪಗಾಯಿತು. "ನಾನಿಲ್ದೆ ಮುಟ್ಟಬೇಡ, ಅಷ್ಟೇ" ಅಂದರು. ಗೆದ್ದೆ ಅಂದುಕೊಂಡು ಎಚ್‌ಎಫ್ ಹೊತ್ತು ತಂದೆ.

ಮರುದಿನ ಇವರು ಶಾಲೆಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಆರ್ಗಾನ್ ಸಿಲಿಂಡರ್ ಜೋಡಿಸಿ, ಅರ್ತ್ ಕ್ಲಾಂಪ್ ಕಚ್ಚಿಸಿ, ಹೆಲ್ಮೆಟ್ ಇಳಿಸಿ, ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಅತ್ತೆ ಓಡಿ ಬಂದು ಪ್ಲಗ್ಗನ್ನೇ ಕಿತ್ತರು.

"ನಿಮ್ಮ ಮಾವನ ಎದೇಲಿ ಪೇಸ್‌ಮೇಕರ್ ಇದೆ ಕಣೇ. ಆಚೆ ಕೋಣೇಲಿ ಈ ಗೋಡೆಗೇ ಒರಗಿಕೊಂಡು ಮಲಗಿದಾರೆ."

ಆ ಕಿಡಿಯಿಂದ ಪೇಸ್‌ಮೇಕರ್ ಲಯ ತಪ್ಪಬಹುದಂತೆ. ನಾನು ಹೆಲ್ಮೆಟ್ ತೆಗೆದು ಕೆಳಗಿಟ್ಟೆ. "ನನಗ್ಯಾಕತ್ತೆ ಹೇಳಲಿಲ್ಲ?" ಅಂದರೆ ಅವರು ಮಾವನನ್ನು ನೋಡಲು ಆಚೆ ಕೋಣೆಗೆ ಓಡಿದರು. ಸಂಜೆ ಇವರು, "ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದೆ" ಅಂತ ತಲೆ ತಗ್ಗಿಸಿದರು. ಮಾವನೊಬ್ಬರೇ ನಕ್ಕಿದ್ದು: "ನನ್ನ ಮೆಷಿನ್ನು, ನಿನ್ನ ಮೆಷಿನ್ನು ಸವತಿಯರಿದ್ದ ಹಾಗಮ್ಮ. ಒಂದೇ ಮನೇಲಿ ಇಡೋಕಾಗಲ್ಲ."

ಅದನ್ನು ವಾಪಸ್ ಕೊಟ್ಟು ಲಿಫ್ಟ್ ತಂದೆವು. ಯಾವ ಮೆಷಿನ್ನಾದರೂ ಮಾವ ಹತ್ತಿರ ಸುಳಿಯಬಾರದು ಅಂತ ಡಾಕ್ಟರು ಹೇಳಿದ್ದರಿಂದ ಅದೀಗ ಎರಡು ಬೀದಿ ಆಚೆ, ಬಡಗಿಯೊಬ್ಬರ ಶೆಡ್ಡಿನಲ್ಲಿದೆ. ನನ್ನ ಮೊದಲ ಬೆಸುಗೆ ಕೋಳಿ ಕೆದಕಿದ ಹಾಗಿದೆ. ಆದರೂ ಇವರು ಅದನ್ನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದರು.

ಅಮ್ಮನಿಗೆ ನನ್ನ ನಮಸ್ಕಾರ, ತಮ್ಮನಿಗೆ ಒಂದು ಗುದ್ದು. ನಮ್ಮಿಬ್ಬರನ್ನೂ ಹರಸಿ.

ನಿಮ್ಮ ಮುದ್ದಿನ
ಚೂಟಿ

ತಾ.ಕ.: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ನಿನ್ನೆ ಅತ್ತೆ ಬಾಯಿಬಿಟ್ಟರು: "ಮದುವೆಗೆ ಮುಂಚೇನೇ ನಿಮ್ಮಪ್ಪಂಗೆ ಎಲ್ಲಾ ಹೇಳಿದ್ವಿ. ಹುಡುಗಿ ಹಿಂದೆಗೆದಾಳು, ಈಗ್ಲೇ ಹೇಳ್ಬೇಡಿ ಅಂದಿದ್ದು ಅವ್ರೇ." ಹಾಗಾದರೆ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನನ್ನ ಕೈಯಿಂದ ಮಾವನ ಜೀವ ಹೋಗುವುದರಲ್ಲಿತ್ತಪ್ಪ. ಅದಕ್ಕಿಂತ ಹೆಚ್ಚು ಚುಚ್ಚುತ್ತಿರುವುದು, ಕಾಯಿಲೆಯವರಿರುವ ಮನೆ ಬೇಡ ಅನ್ನುವವಳು ನಿಮ್ಮ ಮಗಳು ಅಂತ ನೀವು ತಿಳಿದದ್ದು. ಫೋನಿನಲ್ಲಿ ಸಮಾಧಾನ ಹೇಳಬೇಡಿ, ಎದುರು ಕೂತು ಹೇಳಿ. ಗುರುವಾರ ಬೆಳಗ್ಗೆ ಏಳೂವರೆಯ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ, ಒಬ್ಬಳೇ.