ಭೂತಗುಹೆಗೆ ಎಷ್ಟು ವರ್ಷ

ಮಾರ್ಚ್ ೧೪, ಶನಿವಾರ

ನಾಳೆ ನಮ್ಮ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಭೂತಗುಹೆ ಅನ್ನುವ ಹೊಸ ರೈಡ್ ಶುರು. ಎಷ್ಟು ವರ್ಷ ತುಂಬಿದ ಮಕ್ಕಳನ್ನು ಒಳಗೆ ಬಿಡಬಹುದೆಂದು ಬರೆದು ಸಹಿ ಹಾಕಬೇಕಾದವಳು ನಾನು. ಮ್ಯಾನೇಜರು ಆರು ಸಾಕು ಅಂದಿದ್ದರು. ವಾರದಿಂದ ಅದೇ ಕೊರೆತ.

ಇವತ್ತು ಮಗಳನ್ನೇ ಕರೆದುಕೊಂಡು ಹೋದೆ, ಅವಳಿಗೂ ಆರೇ. ಕತ್ತಲಲ್ಲಿ ಗಾಡಿ ಜಾರಿತು, ಗೊಂಬೆಗಳು ಮೈಮೇಲೆ ಎರಗಿದವು, ಅವಳು ಪಿಟ್ಟೆನ್ನಲಿಲ್ಲ. ಹೊರಗೆ ಬಂದು "ಚೆನ್ನಾಗಿತ್ತಮ್ಮ" ಅಂದಳು. ನನಗೆ ಹಾಲು ಕುಡಿದಷ್ಟು ಸಂತೋಷ. ಆರು ಎಂದೇ ಬರೆಯಲು ಪೆನ್ನು ತೆಗೆದೆ.

ಗೇಟಿನಲ್ಲಿ ಟಿಕೆಟ್ ಹರಿಯುವ ಅಕ್ಕ "ಒಂದ್ನಿಮಿಷ ತಡಿ" ಎಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಪುಟ್ಟಿ, ಇನ್ನೊಂದ್ಸಲ ಹೋಗ್ತೀಯಾ?"

ಅವಳು ನನ್ನ ಮುಖ ನೋಡಿದಳು. "ಅಮ್ಮಂಗೆ ಬೇಕಂದ್ರೆ ಹೋಗ್ತೀನಿ."

ನನ್ನ ಕೆಲಸಕ್ಕಾಗಿ ಆ ಕೂಸು ಹಲ್ಲು ಕಚ್ಚಿ ಕೂತಿತ್ತು. ಹೆತ್ತವಳಿಗೆ ಕಾಣದ್ದು ಅಕ್ಕನಿಗೆ ಕಂಡಿತು. ಹತ್ತು ಎಂದು ಬರೆದೆ. ಮ್ಯಾನೇಜರು ಮುಖ ಊದಿಸಿಕೊಂಡರು, ಆದರೂ ಗೇಟಿನ ಬೋರ್ಡು ಬದಲಾಯಿತು.

ಥ್ಯಾಂಕ್ಸ್ ಅಂದರೆ ಅಕ್ಕ, "ಮೂರು ಮಕ್ಕಳನ್ನ ಸಾಕಿದೀನಲ್ಲೇ" ಎಂದು ನಕ್ಕುಬಿಟ್ಟರು. ಇಂಥವರ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದೇನಲ್ಲ, ನನ್ನ ಪುಣ್ಯ.

ಮಲಗುವಾಗ ಮಗಳು, "ಅಮ್ಮ, ದೀಪ ಆರಿಸ್ಬೇಡ, ಹೆದ್ರಿಕೆ ಆಗತ್ತೆ" ಅಂದಳು. ಬಾಯಿಬಿಟ್ಟು ಹೇಳಿದಳಲ್ಲ, ಅದೇ ದೊಡ್ಡದು. ಆ ಬೆಳಕಿನಲ್ಲೇ ಬರೆಯುತ್ತಿದ್ದೇನೆ, ಕಣ್ಣು ಎಳೆಯುತ್ತಿದೆ...