ಹದಿನೇಳನೇ ಬ್ಲಾಗಿಗೆ ನಾಲ್ಕು ಅಂಕ ಹಾಕಿದವಳ ಅರಿಕೆ

ಸಂಶೋಧನಾ ಅನುದಾನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಅನುದಾನದಿಂದ ನಮ್ಮ ವಿಶ್ವವಿದ್ಯಾಲಯ ಸಿದ್ಧಪಡಿಸಿದ, ಇಸ್ಲಾಮಿಕ್ ಬ್ಲಾಗುಗಳು ಮತ್ತು ಆನ್‌ಲೈನ್ ತೀವ್ರವಾದದ ಕುರಿತ ವರದಿಯ ಅನುಬಂಧದಲ್ಲಿ, ‘ಅತಿ ಅಪಾಯ’ ಎಂಬ ತಲೆಬರಹದ ಕೆಳಗೆ ಹದಿನೇಳನೇ ನಂಬರಿನ ಬ್ಲಾಗೊಂದಿದೆ. ಅದು ನನ್ನ ದೊಡ್ಡಮ್ಮನದು. ಮೂರು ವಾರದ ಹಿಂದೆ ತಮ್ಮ ಶಿಫಾರಸಿನ ಮೇಲೆ ಅದನ್ನು ಮುಚ್ಚಲಾಯಿತು. ಅದಕ್ಕೆ ಅಪಾಯದ ಅಂಕ ಹಾಕಿದ ಇಬ್ಬರಲ್ಲಿ ನಾನೊಬ್ಬಳು. ಇದು ದೂರೋ ತಪ್ಪೊಪ್ಪಿಗೆಯೋ ನನಗೇ ತಿಳಿಯುತ್ತಿಲ್ಲ. ಎರಡಕ್ಕೂ ತಮ್ಮ ಕಚೇರಿಯಲ್ಲಿ ಬೇರೆ ಬೇರೆ ಫಾರಂ ಇದ್ದರೆ ಕ್ಷಮಿಸಬೇಕು, ಒಂದರಲ್ಲೇ ಎರಡನ್ನೂ ಬರೆಯುತ್ತಿದ್ದೇನೆ.

ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅರ್ಧ ಇಂಗ್ಲಿಷಿನಲ್ಲಿ ಯೋಚಿಸಿ, ಉಳಿದರ್ಧದಲ್ಲಿ ಹೆದರುವವಳು. ಪ್ರಾಜೆಕ್ಟಿಗೆ ‘ಸಮುದಾಯದ ಒಳಗಿನವರು’ ಬೇಕಾಗಿದ್ದಾರೆ ಎಂದು ನೋಟೀಸು ಬೋರ್ಡಿನಲ್ಲಿ ಹಾಕಿದ್ದರು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕಂಡ ಮುಖ್ಯ ಸಂಶೋಧಕರು ನನ್ನನ್ನು ಕರೆಸಿದರು. ಆ ಹೆಸರೊಂದನ್ನು ಬಿಟ್ಟರೆ ಒಳಗಿನದೆಂಬುದು ನನ್ನಲ್ಲಿ ಏನೂ ಇರಲಿಲ್ಲ. ದೊಡ್ಡಮ್ಮ ಬ್ಲಾಗು ಬರೆಯುತ್ತಾರೆಂದು ಗೊತ್ತಿತ್ತು. ಅದು ಶುರುವಾದ ಹನ್ನೆರಡು ವರ್ಷದಲ್ಲಿ ಒಂದು ಸಾಲನ್ನೂ ಓದಿರಲಿಲ್ಲ. ಪ್ರಾಜೆಕ್ಟಿನವರು ಕೊಟ್ಟ ಶಬ್ದಪಟ್ಟಿಯನ್ನು ಉರು ಹೊಡೆದು ನಾನು ನನ್ನ ಮನೆಯ ಮಾತುಗಳ ಅರ್ಥ ಕಲಿತೆ. ಒಳಗಿನವರನ್ನು ಗುರುತಿಸುವ ತಮ್ಮ ವೈಜ್ಞಾನಿಕ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಕೆಲಸದ ಕ್ರಮ ತಮಗೆ ಗೊತ್ತಿರಬಹುದು. ಸಹಿ ಹಾಕಿದವರು ತಾವೇ. ಆದರೂ ಈ ಬಹಿರಂಗ ಪತ್ರದ ಓದುಗರಿಗಾಗಿ ಹೇಳುತ್ತೇನೆ. ಲೈಬ್ರರಿಯ ಮೂರನೇ ಮಹಡಿಯಲ್ಲಿ ಕಿಟಕಿ ತೆರೆಯಲಾಗದ ಒಂದು ಕೋಣೆ. ಬೆನ್ನಿಗೆ ಬೆನ್ನು ಮಾಡಿಟ್ಟ ಎರಡು ಕಂಪ್ಯೂಟರು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಎಂ.ಎ. ಓದುವ ಸೀನಿಯರ್ ಒಬ್ಬಳು. ಸಾಫ್ಟ್‌ವೇರು ಪ್ರತಿಯೊಂದು ಬ್ಲಾಗನ್ನೂ ಪ್ಯಾರಾ ಮುಗಿದಲ್ಲೆಲ್ಲ ನೂರು ಪದ ಮೀರದ ತುಂಡುಗಳಾಗಿ ಕತ್ತರಿಸಿ, ಎಲ್ಲ ಬ್ಲಾಗುಗಳ ತುಂಡುಗಳನ್ನೂ ಇಸ್ಪೀಟಿನಂತೆ ಕಲಸಿ ನಮ್ಮ ಮುಂದೆ ಒಂದೊಂದಾಗಿ ಇಡುತ್ತಿತ್ತು. ಬರೆದವರು ಯಾರು, ಹಿಂದೆ ಏನಿತ್ತು, ಮುಂದೆ ಏನಿದೆ, ಒಂದೂ ತಿಳಿಯದು. ನಾವು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಇದಕ್ಕೆ ಪ್ರಾಜೆಕ್ಟಿನ ಭಾಷೆಯಲ್ಲಿ ಕೋಡಿಂಗ್ ಎನ್ನುತ್ತಾರೆ, ನಾನು ಒಂದನೇ ಕೋಡರ್. ಸೊನ್ನೆ ಎಂದರೆ ನಿರುಪದ್ರವಿ, ನಾಲ್ಕು ಎಂದರೆ ಹಿಂಸೆಗೆ ಕರೆ. ಒಂದು ಬ್ಲಾಗಿನ ನೂರು ತುಂಡುಗಳಲ್ಲಿ ಐದಕ್ಕೆ ಇಬ್ಬರೂ ನಾಲ್ಕು ಹಾಕಿದರೆ ಆ ಬ್ಲಾಗು ‘ಅತಿ ಅಪಾಯ’. ಕೋಣೆಯೊಳಗೆ ನಾವಿಬ್ಬರು ಮಾತಾಡುವಂತಿಲ್ಲ. ಲಿಫ್ಟಿನಲ್ಲಿ ಮಾತ್ರ ಸೀನಿಯರ್ ಕಾಲೆಳೆಯುತ್ತಿದ್ದಳು: “ಏನಮ್ಮ ಒಳಗಿನವಳೇ, ಇವತ್ತು ಎಷ್ಟು ನಾಲ್ಕು ಸಿಕ್ತು?” ನಾನೂ ನಗುತ್ತಿದ್ದೆ. ಸೊನ್ನೆಗಳೇ ಜಾಸ್ತಿಯಾದ ದಿನ ಕೆಲಸ ಸರಿಯಾಗಿ ಮಾಡಲಿಲ್ಲವೇನೋ ಎಂದು ಒಳಗೊಳಗೇ ಅಳುಕಾಗುತ್ತಿತ್ತು. ನಾಲ್ಕು ಸಿಗದಿದ್ದರೆ ಪ್ರಾಜೆಕ್ಟು ಯಾಕೆ ಬೇಕು, ಅಲ್ಲವೇ?

ಇನ್ನು ದೊಡ್ಡಮ್ಮನ ವಿಷಯ. ಅವರು ಕನ್ನಡಕದ ಅಂಗಡಿಯೊಂದರ ಹಿಂಬದಿಯಲ್ಲಿ ಲೆನ್ಸು ಉಜ್ಜುವವರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಯಂತ್ರ ನಿಲ್ಲಿಸಿ, ಕೈಯ ಪುಡಿ ಒರೆಸಿಕೊಂಡು, ಓದುಗರ ಪ್ರಶ್ನೆಗಳಿಗೆ ಉತ್ತರ ಟೈಪು ಮಾಡುತ್ತಿದ್ದರು. ಶಿಫ್ಟಿನಲ್ಲಿ ತಪ್ಪಿಹೋದ ನಮಾಜು, ಅತ್ತೆಯ ಜೊತೆ ಮಾತು ಬಿಟ್ಟ ಸೊಸೆಯ ಉಪವಾಸ, ಹೀಗೆ. ಅವರದೊಂದು ಪದ್ಧತಿ. ಯಾರೇ ಏನೇ ಕೇಳಿರಲಿ, ಪ್ರಶ್ನೆಯನ್ನು ಒಂದಕ್ಷರವೂ ಬಿಡದೆ ಮೇಲೆ ಇಡುತ್ತಿದ್ದರು. ಬೈಗುಳವಿದ್ದರೆ ಬೈಗುಳ ಸಮೇತ. ಕೆಳಗೆ ತಮ್ಮ ಉತ್ತರ. ಹೆಸರು ವಿಳಾಸ ಯಾರನ್ನೂ ಕೇಳುತ್ತಿರಲಿಲ್ಲ, ತಮ್ಮದನ್ನೂ ಹೇಳುತ್ತಿರಲಿಲ್ಲ. ಮಾನ್ಯರೇ, ತಮ್ಮ ಸಾಫ್ಟ್‌ವೇರಿನ ಕತ್ತರಿ ಸರಿಯಾಗಿ ಆ ನಡುವಿನ ಗೆರೆಯಲ್ಲೇ ಬಿದ್ದಿತು. ಪ್ರಶ್ನೆ ಒಂದು ತುಂಡು, ಉತ್ತರ ಇನ್ನೊಂದು ತುಂಡು.

ಎಂಟು ತಿಂಗಳಿಂದ ಅವರಿಗೆ ಒಬ್ಬ ವೆಲ್ಡರ್ ಬರೆಯುತ್ತಿದ್ದ. ಸರ್ಕಾರಿ ಕಚೇರಿಯೊಂದರ ಕೌಂಟರಿನಲ್ಲಿ ಗುಮಾಸ್ತನೊಬ್ಬ ಅವನ ತಾಯಿಯ ಅರ್ಜಿಯನ್ನು ನೆಲಕ್ಕೆಸೆದು, ತಲೆವಸ್ತ್ರದ ಬಗ್ಗೆ ಏನೋ ಅಂದಿದ್ದನಂತೆ, ಕ್ಯೂನಲ್ಲಿದ್ದವರೆಲ್ಲ ನಕ್ಕಿದ್ದರಂತೆ. ಆ ಕೈ ಮುರಿದರೆ ಪಾಪವೋ ಪುಣ್ಯವೋ ಎಂದು ಅವನು ಬಗೆಬಗೆಯಾಗಿ ಕೇಳುತ್ತಿದ್ದ. ಅವನ ತುಂಡುಗಳು ನನ್ನ ಮುಂದೆ ಬಂದಾಗಲೆಲ್ಲ ನಾಲ್ಕು ಹಾಕಿದೆ. ಸೀನಿಯರ್ ಕೂಡ ನಾಲ್ಕೇ ಹಾಕಿದ್ದಳು. ಬ್ಲಾಗು ಮುಚ್ಚಿದ ವಾರ ದೊಡ್ಡಮ್ಮ ಅಳುತ್ತಾ ಫೋನು ಮಾಡಿದರೆಂದು ಅಂಗಡಿಗೆ ಹೋದೆ. ಪ್ರತಿಯೊಂದು ಬರಹವನ್ನೂ ಪ್ರಿಂಟು ತೆಗೆದು ಇಟ್ಟ ಫೈಲನ್ನು ಅವರು ನನ್ನ ಮುಂದಿಟ್ಟರು. ಪುಟದ ಮೇಲ್ಗಡೆ ನಾನು ನಾಲ್ಕು ಹಾಕಿದ ತುಂಡು. ಅದರ ಕೆಳಗೇ, ನಾನು ಬೇರೊಂದು ದಿನ ಸೊನ್ನೆ ಹಾಕಿದ್ದ ತುಂಡು: “ಅವಮಾನವಾದದ್ದು ನಿಮ್ಮ ತಾಯಿಗೆ. ಅವರನ್ನು ಕೇಳಿದಿರಾ? ಅವರಿಗೆ ಬೇಕಾಗಿರುವುದು ಆ ಮನುಷ್ಯನ ಕೈಯೋ, ತಮ್ಮ ಅರ್ಜಿಗೊಂದು ಮೊಹರೋ? ಕೋಪವನ್ನು ನುಂಗಬೇಡಿ, ಮೇಲಧಿಕಾರಿಗೆ ಬರೆಯಿರಿ. ಬರೆದದ್ದನ್ನು ನನಗೂ ತೋರಿಸಿ.” ಆ ತುಂಡು ಚೆನ್ನಾಗಿದೆಯೆಂದು ಕೋಡಿಂಗ್ ಕೋಣೆಯಲ್ಲಿ ನಾನು ಎರಡು ಸಲ ಓದಿದ್ದೆ. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಿರಲಿಲ್ಲ.

ಮರುದಿನವೇ ಮುಖ್ಯ ಸಂಶೋಧಕರ ಕೋಣೆಗೆ ಹೋಗಿ ನನ್ನ ಅಂಕಗಳನ್ನು ತಿದ್ದಲು ಬಿಡಿ ಎಂದೆ. ಅವರು ಕೆಟ್ಟವರಲ್ಲ, ಕುರ್ಚಿ ಎಳೆದು ಕೂರಿಸಿ, ಸಮಾಧಾನವಾಗಿ ವಿವರಿಸಿದರು. ಅಂಕ ಹಾಕುವಾಗ ಅದು ದೊಡ್ಡಮ್ಮನದೆಂದು ನನಗೆ ಗೊತ್ತಿರಲಿಲ್ಲವಾದ್ದರಿಂದ ಆ ಅಂಕ ಶುದ್ಧ. ಈಗ ಗೊತ್ತಾಗಿರುವುದರಿಂದ ನನ್ನ ಅಭಿಪ್ರಾಯ ಪಕ್ಷಪಾತ. ಅಲ್ಲದೆ ನಮ್ಮಿಬ್ಬರ ಅಂಕಗಳು ಶೇಕಡಾ ತೊಂಬತ್ತೊಂದು ತಾಳೆಯಾಗಿವೆ, ವರದಿಯ ಮುನ್ನುಡಿಯಲ್ಲಿ ಅನುದಾನ ಕೊಟ್ಟ ಸರ್ಕಾರಿ ಇಲಾಖೆ ಅದನ್ನೇ ಮೆಚ್ಚಿಕೊಂಡಿದೆ. ಈಗ ತಿದ್ದಿದರೆ ಆ ಒಮ್ಮತ ಕೆಡುತ್ತದೆ. ಏನೂ ತಿಳಿಯದೆ ಹೇಳಿದ್ದು ಸಾಕ್ಷ್ಯ, ತಿಳಿದು ಹೇಳಿದ್ದು ದೋಷ. ಮಾನ್ಯರೇ, ಜ್ಞಾನಕ್ಕೆಂದು ಕೊಟ್ಟ ಅನುದಾನದಲ್ಲಿ ಹೀಗೊಂದು ನಿಯಮವಿರುವುದು ತಮ್ಮ ಗಮನಕ್ಕೆ ಬಂದಿದೆಯೇ? ನಾನು ವಾದ ಮಾಡಲಿಲ್ಲ. ಥ್ಯಾಂಕ್ಯೂ ಸರ್ ಅಂದು ಹೊರಗೆ ಬಂದೆ. ಹಾಸ್ಟೆಲಿನವರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಅಲ್ಲಿಂದ ನೇರ ಅಂಗಡಿಗೆ ಹೋಗಿ ದೊಡ್ಡಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವರು ಯಂತ್ರ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಲೆನ್ಸಿನ ಅಂಚು ಮುಗಿಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅಂದರು:

“ನಾಲ್ಕು ಹಾಕಿದ್ದು ಸರಿಯಾಗೇ ಇದೆ ಬಿಡು. ಅವನು ಬರೆದದ್ದು ನಾಲ್ಕೇ. ಅದಕ್ಕೇ ಅಲ್ವಾ ನಾನು ಉತ್ತರ ಬರೀತಿದ್ದದ್ದು.”

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಮುಖ್ಯ ವಿಷಯ. ಬ್ಲಾಗು ಮುಚ್ಚುವ ಹಿಂದಿನ ದಿನ ಬೆಳಿಗ್ಗೆ ವೆಲ್ಡರ್ ಮತ್ತೆ ಬರೆದಿದ್ದ. ಆ ಗುಮಾಸ್ತನ ಮನೆ ಯಾವುದೆಂದು ಗೆಳೆಯರು ಪತ್ತೆ ಮಾಡಿದ್ದಾರೆ, ಜೊತೆಗೆ ಬಾ ಎನ್ನುತ್ತಿದ್ದಾರೆ. ನೀವು ಬೇಡವೆಂದರೆ ಹೋಗುವುದಿಲ್ಲ, ಬೇಗ ಹೇಳಿ ಎಂದು. ದೊಡ್ಡಮ್ಮ ಅವತ್ತೇ ಮಧ್ಯಾಹ್ನ ಉತ್ತರ ಬರೆದರು. ಆದರೆ ಬರೆದದ್ದನ್ನು ಒಂದು ದಿನ ಇಟ್ಟು, ಮತ್ತೊಮ್ಮೆ ಓದಿ ಪ್ರಕಟಿಸುವುದು ಅವರ ರೂಢಿ. ಮರುದಿನ ಬಂದು ನೋಡಿದರೆ ಬ್ಲಾಗೇ ಇಲ್ಲ. ಅವನ ಹೆಸರು, ವಿಳಾಸ, ನಂಬರು ಯಾವುದೂ ಅವರ ಬಳಿ ಇಲ್ಲ. ವಿಚಾರಣೆಗೆ ಕರೆದ ಅಧಿಕಾರಿಗೆ ಇದನ್ನೆಲ್ಲ ಹೇಳಿದರು. ಅಧಿಕಾರಿ ಬರೆದುಕೊಂಡು, ಸಂಬಂಧಪಟ್ಟ ಶಾಖೆಗೆ ಕಳಿಸುತ್ತೇವೆ ಎಂದರು. ವಿಚಾರಣೆ ಮುಗಿಯುವವರೆಗೆ ಎಲ್ಲಿಯೂ ಏನೂ ಪ್ರಕಟಿಸುವುದಿಲ್ಲವೆಂದು ಸಹಿಯನ್ನೂ ಹಾಕಿಸಿಕೊಂಡರು. ಆ ಗುಮಾಸ್ತರೂ ತಮ್ಮ ಸರ್ಕಾರದ ನೌಕರರೇ, ಮಾನ್ಯರೇ. ಅವರ ಕೈಗೂ ಆ ವೆಲ್ಡರನ ಸಿಟ್ಟಿಗೂ ಮಧ್ಯೆ ಎಂಟು ತಿಂಗಳು ನಿಂತಿದ್ದವರು ಒಬ್ಬರೇ. ಅವರನ್ನು ತಾವು ಎತ್ತಿ ಪಕ್ಕಕ್ಕಿಟ್ಟಿರಿ. ಜಾಗ ತೋರಿಸಿದವಳು ನಾನು.

ಉತ್ತರದಲ್ಲಿ ಏನು ಬರೆದಿದ್ದಿರಿ ಎಂದು ದೊಡ್ಡಮ್ಮನನ್ನು ಕೇಳಿದೆ, ಈ ಪತ್ರದಲ್ಲೇ ಸೇರಿಸುವ ಯೋಚನೆಯಿಂದ. ಅವರು ಹೇಳಲಿಲ್ಲ.

“ಹೇಳಿದ್ರೆ ನೀನು ಎಲ್ಲಾದ್ರೂ ಹಾಕ್ತೀಯ. ಆಮೇಲೆ ನಿನ್ನನ್ನೂ ಕರೆದು ಕೂರಿಸ್ಕೋತಾರೆ. ಓದೋ ಹುಡುಗಿ ನೀನು, ಸುಮ್ನಿರು.”

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟು. ಹದಿನೇಳನೇ ಬ್ಲಾಗನ್ನು ಪಟ್ಟಿಯಿಂದ ತೆಗೆಯಿರಿ. ಅದಕ್ಕೆ ಸಮಿತಿ, ಉಪಸಮಿತಿ ಬೇಕೆಂದಾದರೆ, ಒಂದು ಗಂಟೆಯ ಮಟ್ಟಿಗೆ ತೆರೆದು ಆ ಒಂದು ಉತ್ತರ ಹೋಗಲು ಬಿಡಿ. ಬೇಕಿದ್ದರೆ ತಮ್ಮವರೇ ಪಕ್ಕದಲ್ಲಿ ಕೂತು ಓದಲಿ. ಅದೂ ಆಗದು ಎಂದಾದರೆ ಇನ್ನೂ ಚಿಕ್ಕದೊಂದಿದೆ. ಈಗ ಆ ಪುಟ ತೆರೆದರೆ ‘ಈ ಬ್ಲಾಗು ಲಭ್ಯವಿಲ್ಲ’ ಎಂದಷ್ಟೇ ಬರುತ್ತದೆ. ಅವನೂ ತೆರೆದು ನೋಡಿರುತ್ತಾನೆ. ತನಗೆ ಉತ್ತರ ಕೊಡಲು ಇಷ್ಟವಿಲ್ಲದೆ ಅವರೇ ಬಾಗಿಲು ಹಾಕಿಕೊಂಡರು ಎಂದುಕೊಂಡಿರುತ್ತಾನೆ. ಅಲ್ಲಿ ಒಂದು ಸಾಲು ಬರೆಸಿ: ಮುಚ್ಚಿದ್ದು ಅವರಲ್ಲ, ನಾವು.

ಇಂತಿ,
ಹಾಕಿದ ಅಂಕ ಹಿಂಪಡೆಯಲು ಅರ್ಹತೆ ಇಲ್ಲದ,
ಒಂದನೇ ಕೋಡರ್